ಹಳೆಯ ಶೀಸೆ, ಹೊಸ ಸದಸ್ಯ

ಮನುಷ್ಯನು ಕೂಡಿಡದ ವಸ್ತುವಿಲ್ಲ. ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ, ಹೆಸರಾಂತವರ ಹಸ್ತಾಕ್ಷರ - ಇವನ್ನು ಸಂಗ್ರಹಿಸುವವರನ್ನು ಕಂಡರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆದರೆ ಖಾಲಿ ಶೀಸೆಗಳನ್ನು ಕೂಡಿಡುವವನೊಬ್ಬನಿದ್ದಾನೆಂದರೆ ಕೇಳಿದವರ ಮುಖದಲ್ಲಿ ಮುಗುಳ್ನಗೆಯೊಂದು ಸುಳಿಯದೆ ಇರದು. ‘ಖಾಲಿ ಶೀಸೇ, ಹಳೇ ಪೇಪರ್’ ಎಂದು ಬೀದಿಯಲ್ಲಿ ಕೂಗಿಕೊಂಡು ಹೋಗುವವನಿಗೆ ನಾಲ್ಕು ಕಾಸಿಗೆ ಹಾಕಬೇಕಾದ ವಸ್ತುವನ್ನು ತೊಳೆದು, ಒರೆಸಿ, ಗಾಜಿನ ಬೀರುವಿನಲ್ಲಿಟ್ಟು, ಅದರ ಎದುರಿಗೆ ಕೈಕಟ್ಟಿ ನಿಲ್ಲುವವನನ್ನು ಮನೆಯಾಕೆ ಏನೆಂದಾಳು? ಅಕ್ಕಪಕ್ಕದವರು ಏನೆಂದಾರು?

ಏನೆಂದರೂ ಸರಿಯೆ, ಇಂಥವರ ಸಂಖ್ಯೆ ಲೋಕದಲ್ಲಿ ಸಣ್ಣದಲ್ಲ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಹಳೆಯ ಶೀಸೆಗಳ ಸಂಗ್ರಹಕ್ಕೆಂದೇ ಸಂಘಗಳುಂಟು, ಪತ್ರಿಕೆಗಳುಂಟು, ವಾರ್ಷಿಕ ಮೇಳಗಳುಂಟು. ಈ ಸಂಘಗಳ ಮುಂದೆ ಈಗ ಒಂದು ಪ್ರಶ್ನೆ ನಿಂತಿದೆ. ಕಪಾಟಿನ ಶೀಸೆಗಳಿಗೆ ವಯಸ್ಸಾದಷ್ಟೂ ಬೆಲೆ ಏರುತ್ತದೆ. ಆದರೆ ಕಪಾಟಿನ ಒಡೆಯನಿಗೂ ಜೊತೆಜೊತೆಗೇ ವಯಸ್ಸಾಗುತ್ತದೆಯಲ್ಲ! ಆತನ ತರುವಾಯ ಆ ಕುರ್ಚಿಯಲ್ಲಿ ಕುಳಿತುಕೊಳ್ಳುವವರು ಯಾರು?

ಮೊದಲ ಸಂಘ

ಹಳೆಯ ಗಾಜನ್ನು ಆದರಿಸಿದ ವಿದ್ವಾಂಸರು ಮುಂಚೆಯೂ ಇದ್ದರು. ಜಾರ್ಜ್ ಮೆಕಿಯರಿನ್ ಮತ್ತು ಹೆಲೆನ್ ಮೆಕಿಯರಿನ್ ಅವರ ‘ಅಮೆರಿಕನ್ ಗ್ಲಾಸ್’ ಎಂಬ ದೊಡ್ಡ ಗ್ರಂಥ 1941ರಲ್ಲಿಯೇ ಹೊರಬಂದಿತ್ತು. ಆದರೆ ಅದು ಧನಿಕರ, ಪಂಡಿತರ ಅಭಿರುಚಿಯಾಗಿತ್ತು. ಸಾಮಾನ್ಯ ಗೃಹಸ್ಥನು ಭಾನುವಾರದ ಬಿಡುವಿನಲ್ಲಿ ಕೈಹಾಕಬಹುದಾದ ಹವ್ಯಾಸವಾಗಿ ಅದು ಬೆಳೆದದ್ದು ಕ್ಯಾಲಿಫೋರ್ನಿಯದಲ್ಲಿ. 1959ರಲ್ಲಿ ಸ್ಯಾಕ್ರಮೆಂಟೊ ನಗರದಲ್ಲಿ ಜಾನ್ ಟಿಬಿಟ್ಸ್ ಎಂಬವರು ಸಮಾನಾಸಕ್ತರನ್ನು ಕೂಡಿಸಿ ಒಂದು ಸಂಘವನ್ನು ಕಟ್ಟಿದರು. ಅದಕ್ಕೆ ‘ಪುರಾತನ ಶೀಸೆ ಸಂಗ್ರಾಹಕರ ಸಂಘ’ ಎಂಬ ಅರ್ಥದ ಹೆಸರು.

ಅದು ಅಲ್ಲಿಯೇ ಹುಟ್ಟಿದ್ದಕ್ಕೆ ಕಾರಣವುಂಟು. 1848ರಲ್ಲಿ ಆ ಸೀಮೆಯಲ್ಲಿ ಚಿನ್ನ ದೊರೆತ ಸುದ್ದಿ ಹಬ್ಬಿ, ಮರುವರ್ಷವೇ ಜನ ಸಾಗರದಂತೆ ನುಗ್ಗಿದರು. ರಾತ್ರಿ ಬೆಳಗಾಗುವುದರೊಳಗೆ ಊರುಗಳೆದ್ದವು. ಚಿನ್ನ ಮುಗಿದೊಡನೆ ಅಷ್ಟೇ ಬೇಗ ಹಾಳುಬಿದ್ದವು. ಹೋಗುವವರು ಚಿನ್ನವನ್ನು ಕೊಂಡೊಯ್ದರು, ಹಾಸಿಗೆಯನ್ನು ಕೊಂಡೊಯ್ದರು. ಖಾಲಿ ಶೀಸೆಗಳನ್ನು ಮಾತ್ರ ಬಿಟ್ಟುಹೋದರು. ನೂರು ವರ್ಷಗಳ ಬಳಿಕ ಬಂದವರಿಗೆ ಆ ಹಾಳೂರುಗಳ ಕಸದ ಗುಂಡಿಗಳಲ್ಲಿ ದೊರೆತ ನಿಧಿ ಅದೇ.

ಹತ್ತು ವರ್ಷಗಳೊಳಗೆ ಊರೂರಿಗೂ ಇಂಥ ಸಂಘಗಳು ಹುಟ್ಟಿಕೊಂಡವು. 1969ರಲ್ಲಿ ಅವುಗಳ ಒಕ್ಕೂಟವೂ ಸ್ಥಾಪಿತವಾಯಿತು. ನ್ಯೂಯಾರ್ಕ್ ರಾಜ್ಯದಲ್ಲಿ ಖನಿಜ ಜಲದ ಬುಗ್ಗೆಗಳಿಗೆ ಹೆಸರಾದ ಸರಟೋಗ ಸೀಮೆಯ ಬಾಲ್‌ಸ್ಟನ್ ಸ್ಪಾ ಎಂಬ ಊರಿನಲ್ಲಿ 1978ರಲ್ಲಿ ಶೀಸೆಗಳಿಗೆಂದೇ ಒಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ ತಲೆಯೆತ್ತಿತು.

ಗಾಜು ಹೇಳುವ ಕಥೆ

ಖಾಲಿ ಶೀಸೆಯಲ್ಲಿ ಇವರು ನೋಡುವುದೇನು? ಬಲ್ಲವನ ಕೈಗೆ ಕೊಟ್ಟರೆ ಶೀಸೆಯೊಂದು ತನ್ನ ಜಾತಕವನ್ನು ತಾನೇ ಬಿಚ್ಚುತ್ತದೆ.

ಮೊದಲು ತಳವನ್ನು ನೋಡಬೇಕು. ಹಿಂದಿನ ಕಾಲದಲ್ಲಿ ಕುಶಲಿಯಾದ ಕೆಲಸಗಾರನು ಕೊಳವೆಯ ತುದಿಗೆ ಕರಗಿದ ಗಾಜನ್ನು ಅಂಟಿಸಿಕೊಂಡು ಬಾಯಿಂದ ಊದಿ ಶೀಸೆಯನ್ನು ಮಾಡುತ್ತಿದ್ದನು. ಕೊರಳನ್ನು ತಿದ್ದುವಾಗ ಹಿಡಿದುಕೊಳ್ಳಲು ತಳಕ್ಕೊಂದು ಕಬ್ಬಿಣದ ಸರಳನ್ನು ಅಂಟಿಸಬೇಕಾಗಿತ್ತು. ಕೆಲಸ ಮುಗಿದ ಮೇಲೆ ಸರಳನ್ನು ಮುರಿದು ತೆಗೆದರೆ ಅಲ್ಲೊಂದು ಒರಟಾದ ಗಾಯದ ಗುರುತು ಉಳಿಯುತ್ತಿತ್ತು. ಈ ಗುರುತಿಗೆ ‘ಪಾಂಟಿಲ್’ ಎಂದು ಹೆಸರು. ಮಗುವಿನ ಹೊಕ್ಕುಳಿದ್ದಂತೆ ಅದು ಶೀಸೆಯ ಹುಟ್ಟಿನ ಗುರುತು. 1860ರ ಸುಮಾರಿಗೆ ತಳವನ್ನು ಕವೆಯಂಥ ಇಕ್ಕಳದಲ್ಲಿ ಹಿಡಿಯುವ ಪದ್ಧತಿ ಬಂದು ಈ ಗಾಯ ಕ್ರಮವಾಗಿ ಮರೆಯಾಯಿತು. ಆದುದರಿಂದ ಅಮೆರಿಕದ ಸಾಮಾನ್ಯ ಶೀಸೆಯೊಂದರ ತಳದಲ್ಲಿ ಪಾಂಟಿಲ್ ಇದ್ದರೆ, ಅದು ಬಹುಮಟ್ಟಿಗೆ ಆ ಕಾಲಕ್ಕಿಂತ ಹಿಂದಿನದೆಂದು ತಿಳಿಯಬಹುದು.

ಆಮೇಲೆ ಪಕ್ಕದ ಹೊಲಿಗೆ. ಅಚ್ಚಿನ ಎರಡು ಹೋಳುಗಳು ಕೂಡುವೆಡೆಯಲ್ಲಿ ಗಾಜಿನ ಮೇಲೆ ಸಣ್ಣ ಗೆರೆಯೊಂದು ಏಳುತ್ತದೆ. ಈ ಗೆರೆ ಕೊರಳಿನಲ್ಲಿಯೇ ನಿಂತಿದ್ದರೆ ಬಾಯಿಯನ್ನು ಕೈಯಿಂದ ತಿದ್ದಿದ್ದಾರೆಂದು ಅರ್ಥ. ತುಟಿಯ ಮೇಲಕ್ಕೂ ಹತ್ತಿದ್ದರೆ ಅದು ಯಂತ್ರದ ಕೂಸು. ಒಹಾಯೊ ರಾಜ್ಯದ ಟೊಲೆಡೊ ನಗರದ ಮೈಕೆಲ್ ಓವೆನ್ಸ್ ಎಂಬವನು ಸ್ವಯಂಚಾಲಿತ ಶೀಸೆ ಯಂತ್ರವನ್ನು ನಿರ್ಮಿಸಿ 1904ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆತನೇ ಬಾಲ್ಯದಲ್ಲಿ ಗಾಜಿನ ಕಾರ್ಖಾನೆಯ ಕುಲುಮೆಯ ಬಳಿ ದುಡಿದವನು. ಅವನ ಯಂತ್ರ ಬಂದ ಮೇಲೆ ಕುಲುಮೆಗಳ ಮುಂದೆ ಬೇಯುತ್ತಿದ್ದ ಚಿಕ್ಕ ಹುಡುಗರ ಅಗತ್ಯ ತಪ್ಪುತ್ತ ಬಂದಿತು. ಒಂದು ಗೆರೆಯ ಉದ್ದಗಿಡ್ಡದಲ್ಲಿ ಇಷ್ಟು ದೊಡ್ಡ ಚರಿತ್ರೆ ಅಡಗಿದೆ.

ಬಣ್ಣವೂ ಮಾತನಾಡುತ್ತದೆ. ಗಾಜು ಮಾಡುವ ಮರಳಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಗಾಜಿಗೆ ಹಸುರು ಛಾಯೆ ಬರುತ್ತದೆ. ಅದನ್ನು ಹೋಗಲಾಡಿಸಲು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮ್ಯಾಂಗನೀಸನ್ನು ವಿಶೇಷವಾಗಿ ಬೆರೆಸುತ್ತಿದ್ದರು. ಅಂಥ ಬಿಳಿಯ ಗಾಜು ವರ್ಷಗಟ್ಟಲೆ ಬಿಸಿಲು ಕಂಡರೆ ತಿಳಿ ನೇರಿಳೆ ಬಣ್ಣಕ್ಕೆ ತಿರುಗುತ್ತದೆ. ಮರುಭೂಮಿಯಲ್ಲಿ ಬಿದ್ದಿದ್ದ ಶೀಸೆಗಳು ಈ ಸೊಬಗಿನಿಂದಲೇ ಹಲವರನ್ನು ಮರುಳು ಮಾಡಿದವು. ಮರುಳಾದವರನ್ನು ಕಂಡು ವಂಚಕರೂ ಸುಮ್ಮನಿರಲಿಲ್ಲ. ಸಾಧಾರಣ ಶೀಸೆಗೆ ಕೃತಕ ಕಿರಣಗಳನ್ನು ಹಾಯಿಸಿ ಗಾಢ ನೇರಿಳೆ ಬಣ್ಣ ತರಿಸಿ, ಅಪೂರ್ವ ವಸ್ತುವೆಂದು ಮಾರುವವರೂ ಹುಟ್ಟಿಕೊಂಡರು.

ಹೊಸಬನು ಬೀಳುವ ಹಳ್ಳ

ಇಲ್ಲಿಯೇ ಸಂಘದ ಪ್ರಯೋಜನ ಕಂಡುಬರುವುದು. ಪುಸ್ತಕ ಓದಿ ಈಜು ಕಲಿತವನಂತೆ, ಒಂಟಿಯಾಗಿ ಶೀಸೆ ಕೊಳ್ಳಹೊರಟವನು ಮೊದಲ ಮಡುವಿನಲ್ಲಿಯೇ ಮುಳುಗುವುದುಂಟು.

ಜಾನ್ ಲ್ಯಾಂಡಿಸ್ ಮೇಸನ್ ಎಂಬವನು 1858ರ ನವೆಂಬರ್ 30ರಂದು, ತಿರುಪು ಮುಚ್ಚಳದ ಜಾಡಿಗೆ ಹಕ್ಕುಪತ್ರವನ್ನು ಪಡೆದನು. ಹಣ್ಣು ತರಕಾರಿಗಳನ್ನು ಕೆಡದಂತೆ ಕಾಪಿಡುವುದರಲ್ಲಿ ಅದು ಅಮೆರಿಕದ ಗೃಹಿಣಿಯರ ಬಲಗೈಯಾಯಿತು. ಆ ದಿನಾಂಕವನ್ನು ಜಾಡಿಯ ಮೈಮೇಲೆ ಉಬ್ಬಕ್ಷರದಲ್ಲಿ ಒತ್ತುವ ವಾಡಿಕೆ ಬಂದಿತು. ಹತ್ತಾರು ವರ್ಷ, ಹಲವಾರು ಕಾರ್ಖಾನೆಗಳು ಅದನ್ನೇ ಒತ್ತುತ್ತ ಹೋದವು. ಹೊಸದಾಗಿ ಸಂಗ್ರಹಕ್ಕಿಳಿದವನು ಅದನ್ನು ಕಂಡು, 1858ರ ಜಾಡಿಯೇ ಸಿಕ್ಕಿತೆಂದು ಕುಣಿಯುತ್ತಾನೆ. ಅದು ಹಕ್ಕುಪತ್ರದ ಜನ್ಮದಿನವೇ ಹೊರತು ಜಾಡಿಯದಲ್ಲ.

ಈ ಸತ್ಯವನ್ನು ಆತನಿಗೆ ಹೇಳುವವರು ಯಾರು? ಮಾರುವವನು ಹೇಳಲಾರನು. ಪುಸ್ತಕದಲ್ಲಿದೆ, ಆದರೆ ಯಾವ ಪುಸ್ತಕದ ಯಾವ ಪುಟವೆಂಬುದು ಆತನಿಗೆ ತಿಳಿಯದು. ಸಂಘದ ಹಿರಿಯನೊಬ್ಬನು ಜಾಡಿಯನ್ನು ತಿರುಗಿಸಿ ನೋಡಿ, ಬಾಯಿಯ ಅಂಚನ್ನು ಬೆರಳಿನಿಂದ ಸವರಿ, ಎರಡು ಮಾತಿನಲ್ಲಿ ತಿಳಿಸುತ್ತಾನೆ. ಗಾಜಿನ ವಿಷಯದಲ್ಲಿ ಬೆರಳಿನ ಜ್ಞಾನವೇ ದೊಡ್ಡದು. ನೂರು ಶೀಸೆಗಳನ್ನು ಕೈಯಲ್ಲಿ ಹಿಡಿದವನಿಗೆ ಬರುವ ವಿದ್ಯೆ ನೂರು ಚಿತ್ರಗಳನ್ನು ನೋಡಿದವನಿಗೆ ಬಾರದು. ಆ ಬೆರಳುಗಳು ಇಲ್ಲವಾದರೆ ಅವುಗಳೊಡನೆ ಆ ವಿದ್ಯೆಯೂ ಹೋಗುತ್ತದೆ.

ಔಷಧದ ಶೀಸೆ, ವಿಷದ ಶೀಸೆ

ಶೀಸೆಗಳ ಸಾಲಿನಲ್ಲಿ ಹೆಚ್ಚು ಕಥೆಗಳುಳ್ಳವು ಔಷಧದವು. 1853ರಿಂದ ಪಿಟ್ಸ್‌ಬರ್ಗಿನ ಹಾಸ್ಟೆಟರ್ ಮನೆತನ ಹೊಟ್ಟೆಯ ಬೇನೆಗೆಂದು ಒಂದು ಕಹಿ ಔಷಧವನ್ನು ಮಾರಿ ಕೋಟಿ ಗಳಿಸಿತು. ಅದರಲ್ಲಿ ಬೇರುನಾರುಗಳಿಗಿಂತ ಮದ್ಯಸಾರದ ಪಾಲೇ ದೊಡ್ಡದಾಗಿತ್ತು. ಮದ್ಯದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವ ಸಜ್ಜನರೂ ಔಷಧವೆಂದು ಚಮಚದಲ್ಲಿ ಅದನ್ನು ನಿಶ್ಚಿಂತೆಯಿಂದ ಸೇವಿಸುತ್ತಿದ್ದರು.

ಇದು ನಗುವ ಮಾತಾಯಿತು. ನಗಲಾಗದ ಮಾತೂ ಉಂಟು. ಹಲ್ಲು ಬರುವಾಗ ಅಳುವ ಹಸುಳೆಗಳಿಗೆಂದು ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಎಂಬ ಪಾನಕವೊಂದು ಅಮೆರಿಕದಲ್ಲಿ ಮನೆಮನೆಗೂ ಹೋಗುತ್ತಿತ್ತು. ಅದರಲ್ಲಿದ್ದದ್ದು ಮಾರ್ಫಿನ್. ಕುಡಿಸಿದೊಡನೆ ಮಗು ಸುಮ್ಮನಾಗುತ್ತಿತ್ತು, ತಾಯಿ ಹರಸುತ್ತಿದ್ದಳು. ಕೆಲವು ಶಿಶುಗಳು ಮತ್ತೆ ಕಣ್ಣು ತೆರೆಯಲೇ ಇಲ್ಲ. 1906ರಲ್ಲಿ ಆ ದೇಶ ಶುದ್ಧ ಆಹಾರ ಮತ್ತು ಔಷಧಗಳ ಕಾನೂನನ್ನು ಮಾಡಿ, ಇಂಥ ಅಂಶಗಳಿದ್ದರೆ ಶೀಸೆಯ ಚೀಟಿಯ ಮೇಲೆ ಬರೆಯಲೇಬೇಕೆಂದು ವಿಧಿಸಿತು. ಆ ಶೀಸೆ ಇಂದು ಸಂಗ್ರಾಹಕನ ಕಪಾಟಿನಲ್ಲಿ ಬೆರಳುದ್ದದ ತೆಳುವಾದ ಗಾಜು. ಅದರ ಹಿಂದಿನ ಕಥೆಯನ್ನು ಬಲ್ಲ ತಾಯಿ, ಮನೆಗೆ ತಂದ ಔಷಧದ ಚೀಟಿಯನ್ನು ಓದದೆ ಚಮಚಕ್ಕೆ ಬಗ್ಗಿಸಲಾರಳು.

ವಿಷದ ಶೀಸೆಗಳಲ್ಲಿ ಇನ್ನೊಂದು ಬಗೆಯ ಜಾಣ್ಮೆ ಕಾಣುತ್ತದೆ. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ನಡುರಾತ್ರಿ ಎದ್ದು ಔಷಧಕ್ಕೆ ಕೈಹಾಕಿದವನು ತಪ್ಪಿ ವಿಷವನ್ನು ಕುಡಿದದ್ದುಂಟು. ಅದಕ್ಕೆಂದು ವಿಷದ ಶೀಸೆಗಳನ್ನು ಗಾಢ ನೀಲಿ ಅಥವಾ ಹಸುರು ಗಾಜಿನಲ್ಲಿ, ಆರು ಮೂಲೆಗಳಾಗಿ, ಮೈತುಂಬ ಏಣುಗಳಿರುವಂತೆ ಮಾಡುತ್ತಿದ್ದರು. ಕತ್ತಲೆಯಲ್ಲಿ ಬೆರಳು ಸೋಕಿದೊಡನೆ ‘ನಾನು ಔಷಧವಲ್ಲ’ ಎಂದು ಶೀಸೆಯೇ ಎಚ್ಚರಿಸುತ್ತಿತ್ತು.

ಮುಳುಗಿದ ಹಡಗಿನಿಂದ ಬಂದ ಸಾಕ್ಷಿಯೂ ಉಂಟು. 1865ರ ಏಪ್ರಿಲ್ 1ರಂದು ‘ಬರ್ಟ್ರಾಂಡ್’ ಎಂಬ ಉಗಿಹಡಗು ಮಿಸೌರಿ ನದಿಯಲ್ಲಿ ಮುಳುಗಿತು. ಗಣಿಗಾರರ ಸೀಮೆಗೆ ಸಾಮಾನು ಒಯ್ಯುತ್ತಿದ್ದ ಆ ಹಡಗನ್ನು 1968-69ರಲ್ಲಿ ಕೆಸರಿನಿಂದ ಹೊರತೆಗೆದಾಗ, ಹಾಸ್ಟೆಟರ್ ಔಷಧವೂ ಸೇರಿ ನಾನಾ ಬಗೆಯ ಶೀಸೆಗಳು ದೊರೆತವು. ಯಾವ ವರ್ಷದಲ್ಲಿ ಯಾವ ಶೀಸೆ ಬಳಕೆಯಲ್ಲಿತ್ತೆಂಬ ವಾದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷಿ ಬೇಕೆ?

ಗೋಲಿ ಸೋಡಾದ ಹಿರಿಯಜ್ಜ

ಈ ಕಥಾಮಾಲೆಯಲ್ಲಿ ಕನ್ನಡ ನಾಡಿನ ಮಕ್ಕಳು ಮುದುಕರೆಲ್ಲರೂ ಬಲ್ಲ ನಾಯಕನೊಬ್ಬನಿದ್ದಾನೆ. ಅವನೇ ಗೋಲಿ ಸೋಡಾ. ಬೇಸಗೆಯ ಜಾತ್ರೆಯಲ್ಲಿ ‘ಟಪ್’ ಎಂದು ಗೋಲಿ ಒಳಕ್ಕೆ ಬೀಳುವ ಸದ್ದನ್ನು ಕೇಳದವರಾರು? ಆದರೆ ಆತನ ತೌರುಮನೆ ಇಂಗ್ಲೆಂಡ್ ಎಂಬುದನ್ನು ಬಲ್ಲವರು ಕಡಮೆ.

ವಾಯು ತುಂಬಿದ ನೀರನ್ನು ಶೀಸೆಯಲ್ಲಿ ಹಿಡಿದಿಡುವುದು ಬಹುಕಾಲದ ಸಮಸ್ಯೆಯಾಗಿತ್ತು. ಬಿರಡೆ ಒಣಗಿ ಕುಗ್ಗಿದರೆ ವಾಯು ಹಾರಿಹೋಗುತ್ತಿತ್ತು. ಆದುದರಿಂದ ತಳವೇ ಮೊನಚಾಗಿದ್ದು, ನೆಟ್ಟಗೆ ನಿಲ್ಲಲಾರದ ಶೀಸೆಗಳನ್ನು ಮಾಡಿದರು. ಅವನ್ನು ಮಲಗಿಸಿಯೇ ಇಡಬೇಕಾದ್ದರಿಂದ ಬಿರಡೆ ಸದಾ ನೆನೆದಿರುತ್ತಿತ್ತು. ಈ ಸಮಸ್ಯೆಗೆ ಹೊಸ ಉತ್ತರವನ್ನು ಕೊಟ್ಟವನು ಲಂಡನ್ನಿನ ಹೈರಮ್ ಕಾಡ್. 1872ರಲ್ಲಿ ಅವನ ಶೀಸೆ ಪೂರ್ಣರೂಪಕ್ಕೆ ಬಂದಿತು. ಕೊರಳಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳಗೆ ಒಂದು ರಬ್ಬರಿನ ಬಳೆ. ಶೀಸೆಯನ್ನು ತಲೆಕೆಳಗಾಗಿ ಹಿಡಿದು ತುಂಬಿದರೆ ಗೋಲಿ ಬಾಯಿಗೆ ಬಂದು ಕೂರುತ್ತದೆ. ಒಳಗಿನ ವಾಯುವೇ ಅದನ್ನು ಬಳೆಗೆ ಒತ್ತಿ ಹಿಡಿಯುತ್ತದೆ. ಹೊರಬರಲು ತವಕಿಸುವ ಕೈದಿಯೇ ಬಾಗಿಲನ್ನು ಭದ್ರವಾಗಿ ಮುಚ್ಚಿಕೊಳ್ಳುವಂಥ ಉಪಾಯ! ಕುಡಿಯುವಾಗ ಗೋಲಿ ಮರಳಿ ಬಾಯಿಗೆ ಉರುಳದಿರಲೆಂದು ಕೊರಳಿನಲ್ಲಿ ಎರಡು ಗುಳಿಗಳನ್ನು ಒತ್ತಿದ್ದನು.

ಈ ಶೀಸೆಗಳಲ್ಲಿ ಒಡೆಯದೆ ಉಳಿದವು ಕಡಮೆ. ಕಾರಣವನ್ನು ಯಾವ ಪಂಡಿತನೂ ಹೇಳಬೇಕಾಗಿಲ್ಲ, ಯಾವ ಹುಡುಗನನ್ನು ಕೇಳಿದರೂ ಹೇಳಿಯಾನು. ಗೋಲಿಯಾಟಕ್ಕೆ ಗೋಲಿ ಬೇಡವೆ? ಯಾರ್ಕ್‌ಶೈರಿನ ಬಾರ್ನ್‌ಸ್ಲಿ ಪಟ್ಟಣದಲ್ಲಿ ರೈಲ್ಯಾಂಡ್ಸ್ ಮನೆತನದ ಕಾರ್ಖಾನೆ ಈ ಶೀಸೆಗಳ ತಯಾರಿಕೆಗೆ ಹೆಸರಾಗಿತ್ತು. ಇಂಗ್ಲೆಂಡಿನಲ್ಲಿ ತಗಡಿನ ಮುಚ್ಚಳ ಅದನ್ನು ಮೂಲೆಗೆ ತಳ್ಳಿತು. 1892ರಲ್ಲಿ ಬಾಲ್ಟಿಮೋರಿನ ವಿಲಿಯಂ ಪೇಂಟರನು ಹಕ್ಕುಪತ್ರ ಪಡೆದ ಮುಚ್ಚಳವದು. ಆದರೆ ಜಪಾನಿನ ‘ರಾಮುನೆ’ ಪಾನೀಯದಲ್ಲಿ, ಭಾರತದ ಗೋಲಿ ಸೋಡಾದಲ್ಲಿ, ಕಾಡ್‌ನ ಗೋಲಿ ಇಂದಿಗೂ ಉರುಳುತ್ತಿದೆ. ಅಲ್ಲಿಯ ಸಂಗ್ರಾಹಕನು ಗಾಜಿನ ಬೀರುವಿನಲ್ಲಿಟ್ಟು ನೋಡುವ ವಸ್ತುವಿನ ಮೊಮ್ಮಗ ಇಲ್ಲಿಯ ಬಸ್ ನಿಲ್ದಾಣದಲ್ಲಿ ಇನ್ನೂ ದುಡಿಯುತ್ತಿದ್ದಾನೆ.

ಹೊಸಬರು ಏಕೆ ನಿಲ್ಲುವುದಿಲ್ಲ?

ಇಷ್ಟು ಸ್ವಾರಸ್ಯವಿದ್ದರೂ ಹಲವು ಸಂಘಗಳ ಸಭೆಗಳಲ್ಲಿ ನರೆತ ತಲೆಗಳೇ ಹೆಚ್ಚಾಗಿ ಕಾಣುತ್ತವೆಂಬುದು ಸದಸ್ಯರೇ ಒಪ್ಪುವ ಮಾತು. ತರುಣರಿಗೆ ಬಿಡುವಿಲ್ಲ, ಆಸಕ್ತಿಯಿಲ್ಲ ಎಂದು ದೂರುವುದು ಸುಲಭ. ಆದರೆ ಬಾಗಿಲಿನವರೆಗೆ ಬಂದವನು ಹಿಂದಿರುಗಿ ಹೋದನೆಂದರೆ ಮನೆಯವರ ಉಪಚಾರವನ್ನೂ ಒಮ್ಮೆ ವಿಚಾರಿಸಬೇಕಾಗುತ್ತದೆ.

ಹೊಸಬನು ಕಾಗದದಲ್ಲಿ ಸುತ್ತಿದ ಒಂದು ಶೀಸೆಯನ್ನು ಹಿಡಿದು ಸಭೆಗೆ ಬರುತ್ತಾನೆ. ಅಜ್ಜಿಯ ಅಟ್ಟದಲ್ಲಿ ದೊರೆತದ್ದು. ಆತನಿಗೆ ಅದು ಅಮೂಲ್ಯ. ಮೇಜಿನ ಸುತ್ತ ಕುಳಿತ ಹಿರಿಯರು ಅದರ ಕಡೆ ಕಣ್ಣು ಹಾಯಿಸಿ, ‘ಇದು ಬಹಳ ಸಾಮಾನ್ಯ’ ಎಂದು ಹೇಳಿ, ಕಳೆದ ತಿಂಗಳ ಹರಾಜಿನಲ್ಲಿ ಯಾವ ಶೀಸೆ ಎಷ್ಟಕ್ಕೆ ಹೋಯಿತೆಂಬ ಚರ್ಚೆಗೆ ತಿರುಗುತ್ತಾರೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಒಂದು ಮಾತಿನಿಂದ ಸಂಘವು ಕಳೆದುಕೊಂಡದ್ದು ಸದಸ್ಯತ್ವದ ಶುಲ್ಕವನ್ನಲ್ಲ, ಮುಂದಿನ ಮೂವತ್ತು ವರ್ಷಗಳ ಒಬ್ಬ ಸಂಗಾತಿಯನ್ನು.

ಎರಡನೆಯ ದೋಷ ಹಣದ್ದು. ಸಂಗ್ರಹವೆಂದರೆ ಬಂಡವಾಳ ಹೂಡಿಕೆಯೆಂಬ ಭಾವನೆ ಬೇರೂರಿದರೆ ವಿದ್ಯಾರ್ಥಿ ಹೆದರುತ್ತಾನೆ, ಗುಮಾಸ್ತನು ದೂರ ಸರಿಯುತ್ತಾನೆ, ಗೃಹಿಣಿ ಮುಖ ಸಿಂಡರಿಸುತ್ತಾಳೆ. ಕಡಮೆ ಬೆಲೆಯ ಶೀಸೆಗಳಲ್ಲಿಯೂ ಕಥೆಗೆ ಬಡತನವಿಲ್ಲ. ಶಾಯಿಯ ಕುಡಿಕೆ, ಹಾಲಿನ ಶೀಸೆ, ಊರಿನ ಔಷಧದಂಗಡಿಯ ಹೆಸರು ಹೊತ್ತ ಚಿಕ್ಕ ಶೀಸೆ - ಇವು ಚಿನ್ನದ ಬೆಲೆಯವಲ್ಲ. ಆದರೆ ಆ ಅಂಗಡಿ ಮುಚ್ಚಿ, ಮಾಲಿಕನು ತೀರಿಕೊಂಡು, ಕಟ್ಟಡವೂ ಉರುಳಿದ ಮೇಲೆ, ಆ ಊರಿನಲ್ಲಿ ಅಂಥವನೊಬ್ಬನು ಬಾಳಿದ್ದನೆಂಬುದಕ್ಕೆ ಕೆಲವೊಮ್ಮೆ ಉಳಿಯುವ ಗುರುತು ಆ ಗಾಜಿನ ಮೇಲಿನ ಉಬ್ಬಕ್ಷರವೊಂದೇ.

ಮೂರನೆಯದು ಮೌನ. ಬಲ್ಲವರು ತಮ್ಮ ತಿಳಿವಳಿಕೆಯನ್ನು ತಲೆಯಲ್ಲಿಯೇ ಇಟ್ಟುಕೊಳ್ಳುತ್ತಾರೆ, ಬರೆದಿಡುವುದಿಲ್ಲ. ಹಿರಿಯನೊಬ್ಬನು ಕಾಲವಾದೊಡನೆ ಮಕ್ಕಳಿಗೆ ಉಳಿಯುವುದು ನಾಲ್ಕು ಬೀರುಗಳ ತುಂಬ ಹೆಸರಿಲ್ಲದ ಗಾಜು. ಯಾವುದು ಎಲ್ಲಿ ದೊರೆಯಿತು, ಯಾರು ಕೊಟ್ಟರು, ಏನು ವಿಶೇಷ - ಒಂದೂ ತಿಳಿಯದು. ನಲವತ್ತು ವರ್ಷದ ಸಂಗ್ರಹ ಒಂದು ಮಧ್ಯಾಹ್ನದಲ್ಲಿ ಚೆದುರಿ ಹೋಗುತ್ತದೆ. ಶೀಸೆಗಳು ಎಲ್ಲಿಯಾದರೂ ಉಳಿದಾವು. ಅವುಗಳ ಕಥೆ ಉಳಿಯಲಾರದು.

ಒಳ್ಳೆಯ ಸಂಘದ ಲಕ್ಷಣ

ಕ್ರಮವಾಗಿ ನಡೆಯುವ ಸಂಘಗಳು ಕಂಡುಕೊಂಡ ದಾರಿಗಳು ಸರಳವಾದವು. ತಿಂಗಳಿಗೊಂದು ಸಭೆ. ಸಭೆಯಲ್ಲಿ ಪ್ರತಿಯೊಬ್ಬನೂ ಒಂದು ಶೀಸೆಯನ್ನು ತಂದು ಮೂರು ನಿಮಿಷ ಅದರ ಕಥೆಯನ್ನು ಹೇಳುವುದು. ಈ ಸರದಿಯಲ್ಲಿ ಹೊಸಬನಿಗೆ ಮೊದಲ ಸ್ಥಾನ ಕೊಟ್ಟರೆ ಆತನ ಸಂಕೋಚ ಅರ್ಧ ಕಳೆಯುತ್ತದೆ. ‘ಇದು ಸಾಮಾನ್ಯ’ ಎನ್ನುವ ಬದಲು ‘ಇದರ ಹೊಲಿಗೆ ಎಲ್ಲಿಯವರೆಗೆ ಹೋಗಿದೆ, ನೋಡಿ’ ಎಂದು ಕೇಳಿದರೆ ಮಿಕ್ಕ ಅರ್ಧವೂ ಹೋಗುತ್ತದೆ. ಪ್ರಶ್ನೆ ಕೇಳಿಸಿಕೊಂಡವನು ಉತ್ತರ ಹುಡುಕಿಕೊಂಡು ಮುಂದಿನ ಸಭೆಗೆ ಬಂದೇ ಬರುತ್ತಾನೆ.

ವಾರ್ಷಿಕ ಮೇಳಗಳಲ್ಲಿ ಮಕ್ಕಳಿಗೆ ಒಂದೊಂದು ಹಳೆಯ ಶೀಸೆಯನ್ನು ಉಚಿತವಾಗಿ ಕೊಡುವುದು ಇನ್ನೊಂದು ಉಪಾಯ. ಹಿರಿಯರ ಮನೆಯಲ್ಲಿ ಒಂದೇ ಬಗೆಯವು ಹತ್ತು ಇರುತ್ತವೆ. ಅವುಗಳಲ್ಲೊಂದು ಹತ್ತು ವರ್ಷದ ಹುಡುಗಿಯ ಕಿಟಕಿಯಲ್ಲಿ ನಿಂತರೆ, ಬೆಳಗಿನ ಬಿಸಿಲು ಅದರ ಮೂಲಕ ಹಾಯ್ದು ಗೋಡೆಯ ಮೇಲೆ ಬಣ್ಣ ಚೆಲ್ಲಿದಾಗ, ಸಂಘದ ಪರವಾಗಿ ಅದೇ ಪ್ರಚಾರ ಮಾಡುತ್ತದೆ.

ಕೆಲಸ ಹಂಚುವುದು ಮೂರನೆಯ ಮಾತು. ಸಭೆಯ ವರದಿ ಬರೆಯುವುದು, ಚಿತ್ರ ತೆಗೆಯುವುದು, ಹಿರಿಯರ ಮಾತನ್ನು ಗುರುತು ಹಾಕಿಕೊಳ್ಳುವುದು - ಇವನ್ನು ತರುಣರಿಗೆ ವಹಿಸಿದರೆ ಎರಡು ಲಾಭ. ತರುಣನು ಅತಿಥಿಯಾಗಿ ಉಳಿಯದೆ ಮನೆಯವನಾಗುತ್ತಾನೆ. ಹಿರಿಯನ ತಲೆಯಲ್ಲಿದ್ದದ್ದು ಕಾಗದಕ್ಕೆ ಇಳಿಯುತ್ತದೆ. ಸ್ಯಾಕ್ರಮೆಂಟೊದ ಆ ಮೊದಲ ಸಂಘವೂ ‘ದಿ ಪಾಂಟಿಲ್’ ಎಂಬ ವಾರ್ತಾಪತ್ರವನ್ನು ಹೊರಡಿಸುತ್ತಿತ್ತು. ತಳದ ಗಾಯದ ಗುರುತೇ ಪತ್ರಿಕೆಗೆ ಹೆಸರಾಯಿತು.

ಅಗೆಯುವ ಮುನ್ನ

ತರುಣರನ್ನು ಹೆಚ್ಚಾಗಿ ಸೆಳೆಯುವುದು ಅಗೆತ. ಹಳೆಯ ಕಸದ ಗುಂಡಿ, ಪಾಳು ಬಾವಿ, ಮುಚ್ಚಿಹೋದ ಕಕ್ಕಸಿನ ಗುಂಡಿ - ಇವೇ ಅವರ ಗಣಿಗಳು. ಮೂಗು ಮುರಿಯಬೇಕಾಗಿಲ್ಲ, ನೂರು ವರ್ಷಗಳಲ್ಲಿ ಎಲ್ಲವೂ ಮಣ್ಣೇ. ಆದರೆ ಉತ್ಸಾಹಕ್ಕೆ ಕಡಿವಾಣ ಬೇಕು. ನೆಲದ ಒಡೆಯನ ಅಪ್ಪಣೆಯಿಲ್ಲದೆ ಗುದ್ದಲಿ ಮುಟ್ಟಬಾರದು. ಒಬ್ಬನೇ ಆಳಕ್ಕಿಳಿಯಬಾರದು, ಬದಿಯ ಮಣ್ಣು ಕುಸಿದರೆ ಕೂಗು ಹೊರಗೆ ಕೇಳಿಸದು. ಅಗೆದ ಗುಂಡಿಯನ್ನು ಮುಚ್ಚಿಯೇ ಹೊರಡಬೇಕು.

ಚರಿತ್ರೆಯ ಸ್ಥಳಗಳನ್ನಂತೂ ಮುಟ್ಟಲೇಕೂಡದು. ಕ್ಯಾಲಿಫೋರ್ನಿಯದ ಬೋಡಿ ಎಂಬ ಹಾಳೂರು 1962ರಲ್ಲಿ ರಾಜ್ಯದ ಚಾರಿತ್ರಿಕ ಉದ್ಯಾನವಾಯಿತು. ಅಲ್ಲಿಂದ ಒಂದು ಗಾಜಿನ ಚೂರನ್ನು ಒಯ್ದರೂ ಅಪರಾಧ. ಅಮೆರಿಕದ ಕೇಂದ್ರ ಸರ್ಕಾರದ ನೆಲದಲ್ಲಿರುವ ನೂರು ವರ್ಷ ದಾಟಿದ ಅವಶೇಷಗಳಿಗೆ 1979ರ ಕಾನೂನಿನ ರಕ್ಷಣೆಯಿದೆ. ಭಾರತದಲ್ಲಿಯೂ ಪ್ರಾಚೀನ ಸ್ಮಾರಕಗಳಿಗೆ 1958ರ ಕಾನೂನಿನ ಕಾವಲುಂಟು. ವಸ್ತುವಿಗಿಂತ ಅದು ಬಿದ್ದಿದ್ದ ಜಾಗ, ಆಳ, ಜೊತೆಯಲ್ಲಿದ್ದ ವಸ್ತುಗಳು ಪುರಾತತ್ತ್ವಜ್ಞನಿಗೆ ಮುಖ್ಯ. ಅದನ್ನು ಕಿತ್ತು ತಂದ ಸಂಗ್ರಾಹಕನು ಪುಸ್ತಕದ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡವನಂತೆ. ಈ ವಿವೇಕವನ್ನು ಕಲಿಸುವುದೂ ಸಂಘದ ಕರ್ತವ್ಯ. ಒಂಟಿ ಅಗೆತಗಾರನಿಗೆ ಅದನ್ನು ಹೇಳುವವರಿಲ್ಲ.

ನಮ್ಮ ಅಟ್ಟಗಳಲ್ಲಿ

ಕನ್ನಡ ನಾಡಿನ ಸಂಸಾರಗಳಲ್ಲಿ ಶೀಸೆ ಎಂದೂ ಕಸವಾಗಿರಲಿಲ್ಲ. ಹಾರ್ಲಿಕ್ಸ್ ಶೀಸೆಯಲ್ಲಿ ಉಪ್ಪಿನಕಾಯಿ, ಮದ್ಯದ ಶೀಸೆಯಲ್ಲಿ ಸೀಮೆಎಣ್ಣೆ, ಮಿಕ್ಸ್ಚರಿನ ಶೀಸೆಯಲ್ಲಿ ಹರಳೆಣ್ಣೆ - ಹೀಗೆ ಅದಕ್ಕೆ ಜನ್ಮಾಂತರಗಳು. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ಶೀಸೆಯನ್ನು ಒಯ್ಯಬೇಕಾಗಿದ್ದ ಕಾಲವನ್ನು ಹಿರಿಯರು ಬಲ್ಲರು. ಕಂಪೌಂಡರನು ಕೆಂಪು ಔಷಧವನ್ನು ತುಂಬಿ, ಕತ್ತರಿಸಿದ ಕಾಗದದ ಪಟ್ಟಿಯನ್ನು ಅಳತೆಗಾಗಿ ಅಂಟಿಸಿ ಕೊಡುತ್ತಿದ್ದನು. ಆ ಕಾಗದದ ಪಟ್ಟಿಯುಳ್ಳ ಒಂದು ಶೀಸೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದು ಇಂದು ನಿಜವಾಗಿಯೂ ಅಪೂರ್ವ.

ಹುಡುಕುವವರಿಗೆ ಇನ್ನೂ ಉಂಟು. 1893ರಲ್ಲಿ ಮುಂಬಯಿಯಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಆರಂಭಿಸಿದ ಅಮೃತಾಂಜನದ ಪುಟ್ಟ ಶೀಸೆ ತಲೆನೋವಿನಷ್ಟೇ ಸರ್ವವ್ಯಾಪಿಯಾಗಿತ್ತು. ಸ್ವದೇಶಿ ಚಳವಳಿಯ ಬಿಸಿಯಲ್ಲಿ ಜನರಿಂದ ಒಂದೊಂದು ಪೈಸೆ ಎತ್ತಿದ ನಿಧಿಯಿಂದ, ಪುಣೆಯ ಬಳಿಯ ತಳೇಗಾಂವ್‌ನಲ್ಲಿ 1908ರಲ್ಲಿ ಗಾಜಿನ ಕಾರ್ಖಾನೆಯೊಂದು ನಡೆಯತೊಡಗಿತು. ‘ಪೈಸಾ ಫಂಡ್’ ಎಂದೇ ಅದರ ಹೆಸರು. ಊರೂರ ಸೋಡಾ ಕಾರ್ಖಾನೆಗಳ ಗೋಲಿ ಶೀಸೆಗಳ ಮೈಮೇಲೆ ಒಡೆಯರ ಹೆಸರೂ ಊರಿನ ಹೆಸರೂ ಉಬ್ಬಿ ನಿಂತಿರುವುದುಂಟು. ಆ ಹೆಸರುಗಳನ್ನು ಜಿಲ್ಲಾವಾರು ಪಟ್ಟಿ ಮಾಡಿದರೆ ನಾಡಿನ ಸಣ್ಣ ಉದ್ಯಮಗಳ ಚರಿತ್ರೆಗೆ ಅದೊಂದು ಹೊಸ ಅಧ್ಯಾಯವಾದೀತು.

ಇದಕ್ಕೆ ದೊಡ್ಡ ಸಿದ್ಧತೆ ಬೇಡ. ಒಂದು ಬಡಾವಣೆಯಲ್ಲಿ ಐದು ಜನ ಆಸಕ್ತರು, ತಿಂಗಳಿಗೊಮ್ಮೆ ಯಾರದಾದರೂ ಮನೆಯ ನಡುಮನೆ, ಒಂದು ದಪ್ಪ ನೋಟುಪುಸ್ತಕ - ಇಷ್ಟಿದ್ದರೆ ಸಂಘವಾಯಿತು. ಕೆಲವು ನಿಯಮಗಳನ್ನು ಮಾತ್ರ ಮೊದಲ ದಿನವೇ ಮಾಡಿಕೊಳ್ಳಬೇಕು. ಪ್ರತಿ ಶೀಸೆಗೂ ಒಂದು ಸಂಖ್ಯೆ. ನೋಟುಪುಸ್ತಕದಲ್ಲಿ ಅದು ದೊರೆತ ಸ್ಥಳ, ದಿನ, ಕೊಟ್ಟವರು ಹೇಳಿದ ಮಾತು. ಹಳೆಯ ಚೀಟಿ ಅಂಟಿದ್ದರೆ ತೊಳೆಯುವ ಹುಮ್ಮಸ್ಸಿನಲ್ಲಿ ಕೀಳಬಾರದು; ಅರ್ಧ ಕಥೆ ಆ ಚೀಟಿಯಲ್ಲಿಯೇ ಇದೆ. ತಣ್ಣನೆಯ ಶೀಸೆಗೆ ಕುದಿನೀರು ಹೊಯ್ಯಬಾರದು, ಗಾಜು ಸೀಳುತ್ತದೆ. ಒಳಗೆ ಏನಾದರೂ ಉಳಿದಿದ್ದರೆ ಮೂಸುವುದಾಗಲಿ ನೆಕ್ಕಿ ನೋಡುವುದಾಗಲಿ ಕೂಡದು. ಹಿಂದಿನವರು ಶೀಸೆಯಲ್ಲಿ ಏನೇನು ತುಂಬುತ್ತಿದ್ದರೆಂಬುದನ್ನು ಮೇಲೆ ಹೇಳಿದೆ. ಕೊನೆಯದಾಗಿ, ಸಭೆಗೆ ಮೊದಲ ಬಾರಿ ಬಂದವರ ಶೀಸೆಯನ್ನು ಯಾರೂ ‘ಸಾಮಾನ್ಯ’ ಎನ್ನಬಾರದು.

ಮನೆಯ ಹಿರಿಯರಿಗೆ ಇದರಲ್ಲಿ ವಿಶೇಷ ಪಾತ್ರವಿದೆ. ಯಾವ ಶೀಸೆಯಲ್ಲಿ ಯಾವ ಔಷಧ ಬರುತ್ತಿತ್ತು, ಎಷ್ಟು ಕಾಸಿಗೆ, ಯಾವ ಅಂಗಡಿಯಲ್ಲಿ ಎಂಬುದನ್ನು ಅಜ್ಜಿ ಹೇಳಬಲ್ಲಳು, ಮೊಮ್ಮಗಳು ಬರೆದುಕೊಳ್ಳಬಲ್ಲಳು. ಒಂದು ಗಾಜಿನ ಶೀಸೆಯ ನೆಪದಿಂದ ಎರಡು ತಲೆಮಾರುಗಳು ಒಂದು ಸಂಜೆ ಮಾತನಾಡಿಕೊಂಡರೆ, ಆ ಹವ್ಯಾಸ ಬೇರೇನನ್ನೂ ತರದಿದ್ದರೂ ನಷ್ಟವಿಲ್ಲ.

ಆದುದರಿಂದ ಮುಂದಿನ ಬಾರಿ ಅಟ್ಟವನ್ನು ಗುಡಿಸುವಾಗ, ಧೂಳಿನ ಮೂಲೆಯಲ್ಲಿ ಹಳೆಯ ಶೀಸೆಯೊಂದು ಕೈಗೆ ತಗುಲಿದರೆ, ಬೀದಿಯಲ್ಲಿ ಕೂಗುವವನನ್ನು ಕರೆಯುವ ಮುನ್ನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಳವನ್ನೂ ಹೊಲಿಗೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು. ನೋಡಿದ ಮೇಲೆ ಅದನ್ನು ನೆರೆಮನೆಯವರಿಗೂ ತೋರಿಸಬೇಕೆನಿಸಿದರೆ, ಸಂಘಕ್ಕೆ ಇಬ್ಬರು ಸದಸ್ಯರು ದೊರೆತಂತಾಯಿತು. ಇನ್ನು ಬೇಕಾದವರು ಮೂವರು.